ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇದೆ ಎಂದು ಗೊತ್ತಾದ ವಾರವೇ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು, ‘ಯಾವ ಡಾಕ್ಟರಿಗೆ ತೋರಿಸ್ತಿದ್ದೀರಿ?’ ಇನ್ನೊಂದು, ‘ದೇವರ ಮೇಲೆ ಭಾರ ಹಾಕಿ’. ಹರಕೆ ಹೊರುವವರು ಹರಕೆ ಹೊರುತ್ತಾರೆ, ದರ್ಗಾಕ್ಕೆ ಹೋಗುವವರು ಹೋಗುತ್ತಾರೆ. ಕ್ರೈಸ್ತರಾದ ನಮ್ಮ ಮನೆಗಳಲ್ಲಿ ಕೇಳುವ ಮಾತು ‘ನಿಮಗಾಗಿ ಪ್ರಾರ್ಥನೆ ಮಾಡ್ತೀವಿ’. ಹೇಳುವುದು ಸುಲಭ. ಆದರೆ ಹಾಸಿಗೆ ಹಿಡಿದವರ ಪಕ್ಕ ಕೂತವರನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತದೆ: ಈ ಪ್ರಾರ್ಥನೆಯನ್ನು ಎಷ್ಟು ನಂಬಬೇಕು? ಏನೆಂದು ನಂಬಬೇಕು?

ಕಳೆದ ಎರಡು ವರ್ಷಗಳಲ್ಲಿ ನಮ್ಮ ಕುಟುಂಬ ಎರಡು ದೊಡ್ಡ ಕಾಯಿಲೆಗಳನ್ನು ಕಂಡಿತು. ಒಬ್ಬರು ಗುಣವಾದರು, ಒಬ್ಬರು ಉಳಿಯಲಿಲ್ಲ. ಇಬ್ಬರಿಗಾಗಿಯೂ ಪ್ರಾರ್ಥಿಸಿದ್ದು ಅದೇ ಚರ್ಚ್, ಅದೇ ಜನ. ಆ ಅನುಭವದಿಂದ ನನಗೆ ತಿಳಿದಷ್ಟನ್ನು ನನ್ನ ವಯಸ್ಸಿನವರ ಜೊತೆ ಹಂಚಿಕೊಳ್ಳಬೇಕು ಅನಿಸಿದೆ.

ನಾಲ್ಕು ತಿಂಗಳ ಲೆಕ್ಕ

ನಾನು ಬಿಇ ಮೊದಲ ವರ್ಷದಲ್ಲಿದ್ದಾಗ ಅಪ್ಪನಿಗೆ ಕ್ಷಯ ಬಂತು. ಅಪ್ಪನದು ಚಿಕ್ಕದೊಂದು ವೆಲ್ಡಿಂಗ್ ಶಾಪ್. ವಾರಗಟ್ಟಲೆ ಕೆಮ್ಮು, ಸಂಜೆಯಾದರೆ ಜ್ವರ, ದಿನೇ ದಿನೇ ಇಳಿಯುತ್ತಿದ್ದ ತೂಕ. ಕಫ ಪರೀಕ್ಷೆ ಮಾಡಿಸಿದಾಗ ಶ್ವಾಸಕೋಶದ ಟಿಬಿ ಎಂದು ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಒಟ್ಟು ಆರು ತಿಂಗಳು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಿ. ಆಮೇಲಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅಪ್ಪ ಹೆದರಿದ್ದರು. ಅದು ರಿಫಾಂಪಿಸಿನ್‌ನ ಗುಣ, ಭಯಪಡಬೇಡಿ ಎಂದು ನರ್ಸ್ ಹೇಳಿದ ಮೇಲೆ ಸಮಾಧಾನವಾಯಿತು.

ಇತ್ತ ಪ್ರಾರ್ಥನೆಯೂ ಶುರುವಾಗಿತ್ತು. ಸಂಜೆ ಅಕ್ಕಪಕ್ಕದ ಮನೆಯವರು ಬಂದು ಬಾಗಿಲ ಬಳಿ ಕೂತು ಜಪಸರ ಹೇಳುತ್ತಿದ್ದರು. ಅಮ್ಮ ಡೋರ್ನಹಳ್ಳಿಯ ಸಂತ ಅಂತೋಣಿಯವರಿಗೆ ಹದಿಮೂರು ಮಂಗಳವಾರದ ಹರಕೆ ಹೊತ್ತರು. ಫಾದರ್ ಮನೆಗೆ ಬಂದು ಅಪ್ಪನ ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಅಜ್ಜಿ ಗಾಬರಿಯಾದರು. ಅವರ ಚಿಕ್ಕಂದಿನಲ್ಲಿ ಫಾದರ್ ಎಣ್ಣೆ ಹಿಡಿದು ಬಂದರೆಂದರೆ ಸಾವು ಹತ್ತಿರ ಬಂತು ಎಂದೇ ಅರ್ಥ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಕ್ಯಾಥೋಲಿಕ್ ಸಭೆ ಇದನ್ನು ಬದಲಿಸಿತು. ಈಗ ಗಂಭೀರ ಕಾಯಿಲೆಯಲ್ಲಿರುವ ಯಾರಿಗಾದರೂ ಈ ಸಂಸ್ಕಾರ ಕೊಡುತ್ತಾರೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಅಪ್ಪನಿಗೆ ಜ್ವರ ಬಿಟ್ಟಿತು, ಕೆಮ್ಮು ನಿಂತಿತು, ಮುದ್ದೆ ಒಳಗೆ ಇಳಿಯತೊಡಗಿತು. ಮನೆಗೆ ಬಂದು ಹೋಗುತ್ತಿದ್ದ ಹಿರಿಯರೊಬ್ಬರು ಆಗ ಹೇಳಿದರು: ‘ಗುಣ ಆಗಿದೆಯಲ್ಲಪ್ಪಾ. ಇನ್ನೂ ಮಾತ್ರೆ ನುಂಗ್ತಾ ಕೂತರೆ ದೇವರನ್ನ ಅನುಮಾನಿಸಿದ ಹಾಗಲ್ವಾ? ಎಲ್ಲರ ಮುಂದೆ ಎದ್ದು ನಿಂತು ಸಾಕ್ಷಿ ಹೇಳು.’ ಅಪ್ಪನಿಗೂ ಮಾತ್ರೆಯಿಂದ ವಾಕರಿಕೆ ಬರುತ್ತಿತ್ತು. ಬಿಟ್ಟುಬಿಡೋಣವೇ ಎಂಬ ಯೋಚನೆ ಬಂದಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕೇಳಿದರು.

‘ಇನ್ನೆಷ್ಟು ದಿನದ ಮಾತ್ರೆ ಇದೆ?’ ಎಂದರು ಫಾದರ್.

‘ನಾಲ್ಕು ತಿಂಗಳು ಫಾದರ್.’

‘ಸರಿ. ಹಾಗಾದ್ರೆ ಇನ್ನೂ ನಾಲ್ಕು ತಿಂಗಳು ಪ್ರಾರ್ಥನೆ ಮಾಡೋಣ. ಸಾಕ್ಷಿ ಆಮೇಲೆ ಹೇಳಿದ್ರಾಯ್ತು.’

ಆ ನಾಲ್ಕು ತಿಂಗಳು ಯಾಕೆ ಮುಖ್ಯ ಎಂಬುದು ನನಗೆ ಓದಿದ ಮೇಲೆ ತಿಳಿಯಿತು. ಮೊದಲ ವಾರಗಳಲ್ಲಿ ಸಾಯುವುದು ವೇಗವಾಗಿ ಬೆಳೆಯುವ ಟಿಬಿ ಬ್ಯಾಕ್ಟೀರಿಯಾ. ಹಾಗಾಗಿ ಜ್ವರ, ಕೆಮ್ಮು ಬೇಗ ಇಳಿಯುತ್ತವೆ. ನಿಧಾನವಾಗಿ ಬೆಳೆಯುವವು, ಮಲಗಿದಂತೆ ಇರುವವು ಒಳಗೆ ಉಳಿದೇ ಇರುತ್ತವೆ. ಆಗ ಮಾತ್ರೆ ಬಿಟ್ಟರೆ ಕಾಯಿಲೆ ಮರಳಿ ಬರಬಹುದು. ಬಂದಾಗ ಅದೇ ಮಾತ್ರೆಗೆ ಬಗ್ಗದೆ ಹೋಗಬಹುದು. ಆ ಬಗೆಯ ಟಿಬಿಯ ಚಿಕಿತ್ಸೆ ಇನ್ನೂ ಕಷ್ಟ, ಅದು ಮನೆಯವರಿಗೂ ಅಂಟಬಲ್ಲದು. ಅಂದರೆ ‘ಗುಣವಾಯಿತು’ ಎಂದು ಅನಿಸುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಸಾಕ್ಷಿ ಹೇಳುವ ಆಸೆ ಹುಟ್ಟುವುದೂ ಆಗಲೇ.

ವೈದ್ಯನೊಬ್ಬ ಬರೆದ ಸುವಾರ್ತೆ

ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂಬ ವಾದಕ್ಕೆ ಬೈಬಲ್‌ನಲ್ಲೇ ಗಟ್ಟಿ ಆಧಾರವಿಲ್ಲ. ಕಾಯಿಲೆಯವರು ಸಭೆಯ ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥನೆ ಮಾಡಿಸಬೇಕು ಎಂದು ಯಾಕೋಬನ ಪತ್ರ ಹೇಳುತ್ತದೆ, ನಿಜ. ಆದರೆ ವೈದ್ಯರ ಹತ್ತಿರ ಹೋಗಬೇಡಿ ಎಂದು ಅಲ್ಲಿಲ್ಲ. ಮೂರನೇ ಸುವಾರ್ತೆಯನ್ನು ಬರೆದವನು ಎಂದು ಸಭೆ ನಂಬಿಕೊಂಡು ಬಂದಿರುವ ಲೂಕನನ್ನು ಪೌಲನು ತನ್ನ ಪತ್ರದಲ್ಲಿ ವೈದ್ಯನೆಂದೇ ಕರೆಯುತ್ತಾನೆ.

ನಮ್ಮ ಸುತ್ತಲೇ ನೋಡಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಜೆಸ್ವಿಟ್ ಪಾದ್ರಿ ಫಾದರ್ ಮುಲ್ಲರ್ ಔಷಧಿ ಕೊಡಲು ಶುರುಮಾಡಿದ್ದು ಇಂದು ಮೆಡಿಕಲ್ ಕಾಲೇಜು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ ಸಿಸ್ಟರ್‌ಗಳು ಆರಂಭಿಸಿದ್ದು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ನೂರು ವರ್ಷ ದಾಟಿದೆ. ವೆಲ್ಲೂರಿನ ಸಿಎಂಸಿ 1900ರಲ್ಲಿ ಶುರುವಾದದ್ದು ಒಂದೇ ಒಂದು ಹಾಸಿಗೆಯಿಂದ, ಐಡಾ ಸ್ಕಡರ್ ಎಂಬ ವೈದ್ಯೆಯಿಂದ. ಇವರೆಲ್ಲ ದಿನವೂ ಪ್ರಾರ್ಥಿಸುತ್ತಿದ್ದವರೇ. ಪ್ರಾರ್ಥನೆ ಮುಗಿಸಿ ಎದ್ದು ಹೋಗಿ ಆಸ್ಪತ್ರೆ ಕಟ್ಟಿದರು.

ಪ್ರಾರ್ಥನೆಯನ್ನು ಪರೀಕ್ಷೆಗೆ ಒಡ್ಡಿದಾಗ

ಎಂಜಿನಿಯರಿಂಗ್ ಓದುವವರಿಗೆ ಒಂದು ಚಟ ಇರುತ್ತದೆ. ಏನೇ ಹೇಳಿದರೂ ‘ಡೇಟಾ ಎಲ್ಲಿ?’ ಎಂದು ಕೇಳುತ್ತೇವೆ. ಈ ವಿಷಯದಲ್ಲೂ ಡೇಟಾ ಇದೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಸರ್ಜರಿಗೆ ಒಳಗಾದ 1802 ಮಂದಿಯ ಮೇಲೆ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ರೋಗಿಗಳನ್ನು ಮೂರು ಗುಂಪು ಮಾಡಿ, ಎರಡು ಗುಂಪುಗಳಿಗಾಗಿ ದೂರದ ಕ್ರೈಸ್ತ ಪ್ರಾರ್ಥನಾ ತಂಡಗಳಿಂದ 14 ದಿನ ಪ್ರಾರ್ಥನೆ ಮಾಡಿಸಿದರು. ಪ್ರಾರ್ಥನೆ ನಡೆದಿದೆಯೋ ಇಲ್ಲವೋ ಎಂದು ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ಸಿಕ್ಕವರ ಪೈಕಿ ಶೇ 52ರಷ್ಟು ಮಂದಿಗೆ, ಸಿಗದವರ ಪೈಕಿ ಶೇ 51ರಷ್ಟು ಮಂದಿಗೆ ಸರ್ಜರಿಯ ನಂತರ ಏನಾದರೊಂದು ತೊಂದರೆ ಕಾಣಿಸಿತು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಅಚ್ಚರಿಯೆಂದರೆ, ನಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದ ಮೂರನೇ ಗುಂಪಿನಲ್ಲಿ ಅದು ಶೇ 59. ಪ್ರಾರ್ಥನೆಯ ತಂಡ ಕರೆಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ ಎಂಬ ಆತಂಕ ಕಾರಣವಿರಬಹುದು ಎಂದು ಸಂಶೋಧಕರಲ್ಲೇ ಒಬ್ಬರು ಊಹಿಸಿದರು.

ಇದರಿಂದ ದೇವರಿಲ್ಲ ಎಂದು ಸಾಬೀತಾಗುವುದಿಲ್ಲ. ಅಪರಿಚಿತರು ದೂರದಲ್ಲಿ ಕೂತು ಹೆಸರು ಹೇಳಿದ್ದಕ್ಕೂ, ನಮ್ಮ ಬಾಗಿಲ ಬಳಿ ಅಕ್ಕಪಕ್ಕದವರು ಕೂತದ್ದಕ್ಕೂ ವ್ಯತ್ಯಾಸವಿದೆ. ಆದರೆ ಬಟನ್ ಒತ್ತಿದರೆ ಬಲ್ಬ್ ಹತ್ತುವ ಹಾಗೆ ಪ್ರಾರ್ಥನೆ ಕೆಲಸ ಮಾಡುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ, ಆ ಭರವಸೆಯನ್ನು ನಂಬಬೇಕಿಲ್ಲ ಎಂಬುದಂತೂ ಸ್ಪಷ್ಟ.

ಪವಾಡವನ್ನು ನಂಬುವ ಕ್ಯಾಥೋಲಿಕ್ ಸಭೆಯೇ ಈ ವಿಷಯದಲ್ಲಿ ಎಷ್ಟು ಎಚ್ಚರ ವಹಿಸುತ್ತದೆ ನೋಡಿ. ಫ್ರಾನ್ಸಿನ ಲೂರ್ದ್‌ಗೆ 1858ರಿಂದ ಲಕ್ಷಾಂತರ ರೋಗಿಗಳು ಹೋಗಿದ್ದಾರೆ. ಅಲ್ಲಿ ಗುಣವಾದೆವು ಎಂದು ಸಾವಿರಾರು ಮಂದಿ ಹೇಳಿದ್ದಾರೆ. ಅದನ್ನು ಪರಿಶೀಲಿಸಲು ಅಲ್ಲಿ ವೈದ್ಯರ ಕಚೇರಿಯೇ ಇದೆ. ಮೊದಲಿನ ರಿಪೋರ್ಟ್‌ಗಳನ್ನು ಕೇಳುತ್ತಾರೆ, ಚಿಕಿತ್ಸೆಯಿಂದಲೇ ವಾಸಿಯಾಗಿರಬಹುದೇ ಎಂದು ನೋಡುತ್ತಾರೆ, ಕಾಯಿಲೆ ಮರಳುತ್ತದೆಯೇ ಎಂದು ವರ್ಷಗಟ್ಟಲೆ ಕಾಯುತ್ತಾರೆ. 2018ರವರೆಗೆ, ಅಂದರೆ 160 ವರ್ಷಗಳಲ್ಲಿ, ಸಭೆ ಪವಾಡ ಎಂದು ಒಪ್ಪಿದ್ದು 70 ಪ್ರಕರಣ ಮಾತ್ರ. ಎರಡೇ ತಿಂಗಳಿಗೆ ಅಪ್ಪನನ್ನು ಸಾಕ್ಷಿಗೆ ನಿಲ್ಲಿಸಲು ಹೊರಟವರಿಗೆ ಈ ತಾಳ್ಮೆ ಇದ್ದಿದ್ದರೆ ಚೆನ್ನಾಗಿತ್ತು.

ವಿಶ್ವಾಸ ಸಾಲಲಿಲ್ಲವೇ?

ಅಪ್ಪ ಆರು ತಿಂಗಳು ಮುಗಿಸಿದರು, ಮತ್ತೆ ಶಾಪ್ ತೆರೆದರು. ಅದಾದ ಕೆಲವೇ ತಿಂಗಳಿಗೆ ಚಿಕ್ಕಮ್ಮನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಅದೇ ಜಪಸರ, ಅದೇ ಎಣ್ಣೆ, ಅದೇ ಮಂಗಳವಾರಗಳು. ಕೀಮೊ ಕೂಡ ತಪ್ಪಿಸಲಿಲ್ಲ. ಆದರೂ ಚಿಕ್ಕಮ್ಮ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ದಿನ ಯಾರೋ ಹೇಳಿದರು, ‘ಇನ್ನೂ ಸ್ವಲ್ಪ ವಿಶ್ವಾಸ ಇದ್ದಿದ್ರೆ...’ ಪಿಯುಸಿ ಓದುತ್ತಿದ್ದ ಚಿಕ್ಕಮ್ಮನ ಮಗಳು ಅಲ್ಲೇ ಇದ್ದಳು. ಅಮ್ಮನಿಗೆ ವಿಶ್ವಾಸ ಸಾಲಲಿಲ್ಲವಾ, ನಾನು ಸರಿಯಾಗಿ ಪ್ರಾರ್ಥಿಸಲಿಲ್ಲವಾ ಎಂದು ಅವಳು ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ. ಪ್ರಾರ್ಥನೆಯ ಹೆಸರಿನಲ್ಲಿ ನಡೆಯುವ ದೊಡ್ಡ ಅನ್ಯಾಯ ಇದು. ಗುಣವಾದರೆ ಹೆಸರು ಪ್ರಾರ್ಥಿಸಿದವರಿಗೆ, ಗುಣವಾಗದಿದ್ದರೆ ತಪ್ಪು ರೋಗಿಯದು.

ಅವಳಿಗೆ ನಾನು ಬೈಬಲ್‌ನ ಎರಡು ಸಂಗತಿ ನೆನಪಿಸಿದೆ. ಪೌಲನಿಗೆ ದೇಹದಲ್ಲಿ ಏನೋ ಒಂದು ಬಾಧೆ ಇತ್ತು. ತೆಗೆದುಹಾಕು ಎಂದು ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ. ಪೌಲನಿಗೆ ವಿಶ್ವಾಸ ಸಾಲದು ಎಂದು ಯಾರಾದರೂ ಹೇಳುತ್ತಾರೆಯೇ? ಯೇಸು ತಾನೇ ಗೆತ್ಸೆಮನೆಯ ತೋಟದಲ್ಲಿ ಈ ಸಂಕಟ ತಪ್ಪಲಿ ಎಂದು ಬೇಡಿದ. ತಪ್ಪಲಿಲ್ಲ. ಬೇಡಿದ್ದು ಸಿಗದಿರುವುದು ಅವಿಶ್ವಾಸದ ಗುರುತಾಗಿದ್ದರೆ ಈ ಇಬ್ಬರಿಗೂ ನಮ್ಮ ಧರ್ಮದಲ್ಲಿ ಜಾಗವೇ ಇರುತ್ತಿರಲಿಲ್ಲ.

ಅಪ್ಪ ಉಳಿದದ್ದು ಪ್ರಾರ್ಥನೆಯಿಂದ ಎಂದರೆ ಚಿಕ್ಕಮ್ಮ ಹೋದದ್ದು ಯಾವುದರಿಂದ? ಈ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆದರೆ ಒಂದನ್ನು ಕಣ್ಣಾರೆ ಕಂಡಿದ್ದೇನೆ. ಚಿಕ್ಕಮ್ಮನ ಪ್ರಾರ್ಥನೆ ಬದಲಾಗುತ್ತಾ ಹೋಯಿತು. ಮೊದಮೊದಲು ‘ಗುಣ ಮಾಡಪ್ಪಾ’ ಎನ್ನುತ್ತಿದ್ದವರು ಕಡೆಯ ತಿಂಗಳಲ್ಲಿ ‘ಇವತ್ತು ರಾತ್ರಿ ನಿದ್ದೆ ಕೊಡು’ ಎನ್ನುತ್ತಿದ್ದರು. ಆ ನಿದ್ದೆಗೆ ಡಾಕ್ಟರ್ ಬರೆದ ಮಾರ್ಫಿನ್ ಮಾತ್ರೆ ಬೇಕಿತ್ತು. ಕೈ ಹಿಡಿದು ಕೂರಲು ಜನವೂ ಬೇಕಿತ್ತು. ಜಪಸರಕ್ಕೆ ಬರುತ್ತಿದ್ದ ಹೆಂಗಸರೇ ಸರದಿ ಹಾಕಿಕೊಂಡು ರಾತ್ರಿ ಉಳಿದರು. ಒಬ್ಬರು ಗಂಜಿ ತಂದರು, ಒಬ್ಬರು ಬಟ್ಟೆ ಒಗೆದರು. ಚಿಕ್ಕಮ್ಮ ಒಂದು ರಾತ್ರಿಯೂ ಒಂಟಿಯಾಗಿರಲಿಲ್ಲ. ಪ್ರಾರ್ಥನೆಯನ್ನು ಏನೆಂದು ನಂಬಬೇಕು ಎಂಬ ಪ್ರಶ್ನೆಗೆ ಸದ್ಯಕ್ಕೆ ನನ್ನ ಬಳಿ ಇರುವ ಉತ್ತರ ಇಷ್ಟೇ.

ನಮ್ಮ ವಯಸ್ಸಿನವರ ಪಾಲು

ಮನೆಯಲ್ಲಿ ಕಾಯಿಲೆ ಬಂದರೆ ರಿಪೋರ್ಟ್ ಓದುವವರು, ಆಸ್ಪತ್ರೆಯ ಚೀಟಿ ಹಿಡಿದು ಓಡಾಡುವವರು ಹೆಚ್ಚಾಗಿ ನಾವೇ. ಹಾಗಾಗಿ ಕೆಲವು ಜವಾಬ್ದಾರಿ ನಮ್ಮವು. ಹಿರಿಯರ ಪ್ರಾರ್ಥನೆಯನ್ನು ನಗಬೇಡಿ, ಅವರಿಗೆ ಅದು ಧೈರ್ಯ. ಆದರೆ ಡಾಕ್ಟರ್ ಹೇಳದೆ ಒಂದು ಮಾತ್ರೆಯೂ ನಿಲ್ಲದಂತೆ ನೋಡಿಕೊಳ್ಳಿ. ಟಿಬಿ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇವನ್ನು ಮಂತ್ರ, ತಾಯತಗಳಿಂದ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ನೆನಪಿರಲಿ. ಯಾರೇ ಆಗಲಿ ಗುಣದ ಗ್ಯಾರಂಟಿ ಕೊಟ್ಟು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಟಿಬಿ ಬಗ್ಗೆ ಅನುಮಾನವಿದ್ದರೆ 1800-11-6666 ಉಚಿತ ಸಹಾಯವಾಣಿಗೆ ಕರೆ ಮಾಡಿ.

ಇನ್ನೊಂದು ಮಾತು. ಗೆಳೆಯನ ಮನೆಯಲ್ಲಿ ಕಾಯಿಲೆ ಎಂದು ಕೇಳಿ ‘ಪ್ರಾರ್ಥನೆ ಮಾಡ್ತೀನಿ ಕಣೋ’ ಎಂದು ಮೆಸೇಜ್ ಹಾಕುತ್ತೇವಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸೋಣ: ‘ನಾಳೆ ಆಸ್ಪತ್ರೆಗೆ ಜೊತೆಗೆ ಯಾರು ಬರ್ತಿದ್ದಾರೆ? ಯಾರೂ ಇಲ್ಲ ಅಂದ್ರೆ ನಾನು ಬರ್ತೀನಿ.’