ಬಿಟ್ಟಿ ಆ್ಯಂಟಿವೈರಸ್ಸೂ ಪೇಟೆಂಟ್ ಜಗಳವೂ

ಕಾಸು ಕೊಡದೆ ಸಿಗುವ ಆ್ಯಂಟಿವೈರಸ್ ನಿಜಕ್ಕೂ ಕೆಲಸ ಮಾಡುತ್ತದೆಯೇ? ಕ್ಲ್ಯಾಮ್‌ಎವಿಯನ್ನೇ ತೆಗೆದುಕೊಂಡು ನೋಡೋಣ. ಇದು ಓಪನ್ ಸೋರ್ಸ್ ತಂತ್ರಾಂಶ. ಅಂದರೆ ಇದರ ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಸೋರ್ಸ್‌ಫೈರ್ ಎಂಬ ಕಂಪನಿ 2007ರಲ್ಲಿ ಇದನ್ನು ಕೊಂಡಿತು. 2013ರಲ್ಲಿ ಸೋರ್ಸ್‌ಫೈರನ್ನೇ ಸಿಸ್ಕೊ ಕೊಂಡಿತು. ಒಡೆಯರು ಬದಲಾದರೂ ಬೆಲೆ ಸೊನ್ನೆಯಾಗಿಯೇ ಉಳಿದಿದೆ.

ಕೆಲಸದ ಬಗೆ ಸರಳ. ಈಗಾಗಲೇ ಸಿಕ್ಕಿಬಿದ್ದ ವೈರಸ್‌ಗಳ ಚಹರೆಪಟ್ಟಿಯೊಂದು ಅದರ ಬಳಿ ಇರುತ್ತದೆ. ಒಂದೊಂದು ಚಹರೆಗೂ ಸಿಗ್ನೇಚರ್ ಎಂದು ಹೆಸರು. ಫೈಲನ್ನು ತೆರೆದು ಈ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಪಟ್ಟಿ ಹಳತಾದರೆ ಹೊಸ ಕಳ್ಳ ಕಣ್ಣೆದುರೇ ಒಳಗೆ ಬರುತ್ತಾನೆ. ಪಟ್ಟಿಯನ್ನು ಹೊಸದಾಗಿಡುವ ಕೆಲಸ ಫ್ರೆಶ್‌ಕ್ಲ್ಯಾಮ್ ಎಂಬ ಜೊತೆ ಪ್ರೋಗ್ರಾಮಿನದು.

ಕಂಪ್ಯೂಟರ್ ನಿಧಾನವಾಗುವುದಿಲ್ಲವೇ ಎಂದು ಕೇಳುತ್ತೀರಿ. ಆಗುತ್ತದೆ. ಪಟ್ಟಿಯಿಡೀ ರ‍್ಯಾಮಿನಲ್ಲಿ ಕೂರುತ್ತದೆ, ಅದಕ್ಕೇ 1 ಜಿಬಿಗೂ ಹೆಚ್ಚು ಜಾಗ ಬೇಕು. ಹೊಸ ಪಟ್ಟಿ ಬರುವಾಗ ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಜೊತೆಗೇ ಇರುತ್ತವೆ. ಹಾಗಾಗಿ 2 ಜಿಬಿಯ ಹಳೆಯ ಯಂತ್ರಕ್ಕೆ ಇದನ್ನು ಹಾಕುವುದು ಬೇಡ. ಕ್ಲ್ಯಾಮ್‌ಸ್ಕ್ಯಾನ್ ಎಂಬ ಆಜ್ಞೆ ಕೊಟ್ಟಾಗಲೆಲ್ಲ ಪಟ್ಟಿಯನ್ನು ಮೊದಲಿಂದ ಓದುತ್ತದೆ. ಕ್ಲ್ಯಾಮ್‌ಡಿ ಎಂಬುದು ಒಮ್ಮೆ ಓದಿಕೊಂಡು ಹಿನ್ನೆಲೆಯಲ್ಲಿ ಕಾದಿರುತ್ತದೆ. ಪದೇ ಪದೇ ಪರೀಕ್ಷಿಸುವವರು ಎರಡನೆಯದನ್ನೇ ಬಳಸಿ, ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ಮಿತಿಯೂ ಇದೆ. ಫೈಲ್ ತೆರೆಯುವ ಕ್ಷಣದಲ್ಲೇ ತಡೆಯುವ ಸೌಲಭ್ಯ ಲಿನಕ್ಸಿನಲ್ಲಿ ಮಾತ್ರ ಉಂಟು, ವಿಂಡೋಸ್‌ನಲ್ಲಿ ಇಲ್ಲ. ಕ್ಲ್ಯಾಮ್‌ಎವಿಗೆ ಒಗ್ಗುವ ಜಾಗ ಮೇಲ್ ಸರ್ವರ್. ಬರುವ ಪತ್ರಗಳನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಜಾಲಾಡುವುದು ಅದಕ್ಕೆ ಚೆನ್ನಾಗಿ ಗೊತ್ತು.

ಆ ಬಾಗಿಲ ಮೇಲೆಯೇ ದಾವೆ ಬಿತ್ತು. ವೈರಸ್‌ಗಳನ್ನು ಗೇಟ್‌ವೇಯಲ್ಲಿ, ಅಂದರೆ ಒಳಜಾಲಕ್ಕೂ ಹೊರಜಾಲಕ್ಕೂ ನಡುವಿನ ಹೆಬ್ಬಾಗಿಲಲ್ಲಿ, ಹಿಡಿಯುವ ವಿಧಾನಕ್ಕೆ ಟ್ರೆಂಡ್ ಮೈಕ್ರೊ ಕಂಪನಿ 1995ರಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಿ 1997ರಲ್ಲಿ ಪೇಟೆಂಟ್ ಪಡೆದಿತ್ತು. ಬರಾಕುಡಾ ನೆಟ್‌ವರ್ಕ್ಸ್ ತನ್ನ ಮೇಲ್ ಕಾಯುವ ಉಪಕರಣಗಳಲ್ಲಿ ಕ್ಲ್ಯಾಮ್‌ಎವಿಯನ್ನು ಬಳಸುತ್ತಿತ್ತು. 2007ರ ನವೆಂಬರಿನಲ್ಲಿ ಟ್ರೆಂಡ್ ಮೈಕ್ರೊ ಅದರ ವಿರುದ್ಧ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು.

ಕೋಡು ಬಿಟ್ಟಿಯಾದ ಮೇಲೆ ದಾವೆ ಹೇಗೆ? ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಲ್ಯಾಮ್‌ಎವಿಯ ಲೈಸೆನ್ಸ್, ಅಂದರೆ ಬಳಕೆಯ ಅನುಮತಿ, ಬರೆದ ಕೋಡಿಗೆ ಸಂಬಂಧಿಸಿದ್ದು. ಪೇಟೆಂಟ್ ಹಿಡಿದಿಡುವುದು ವಿಧಾನವನ್ನು. ಒಂದಕ್ಷರ ನಕಲು ಮಾಡದೆ ಸ್ವಂತವಾಗಿ ಬರೆದರೂ ವಿಧಾನ ಅದೇ ಆಗಿದ್ದರೆ ಸಿಕ್ಕಿಬೀಳಬಹುದು. ಇದರಿಂದ ಪಾರಾಗಲು ಒಂದು ದಾರಿ, ಅರ್ಜಿಗೂ ಮುಂಚೆಯೇ ಆ ವಿಧಾನ ಚಾಲ್ತಿಯಲ್ಲಿತ್ತು ಎಂದು ತೋರಿಸುವುದು. ಇದಕ್ಕೆ ಪ್ರಯರ್ ಆರ್ಟ್, ಅಂದರೆ ಪೂರ್ವದ ಪುರಾವೆ, ಎನ್ನುತ್ತಾರೆ. ಬರಾಕುಡಾ 2008ರ ಜನವರಿಯಲ್ಲಿ ಅದನ್ನೇ ಮಾಡಿತು. ಹಳೆಯ ದಾಖಲೆ ಇದ್ದರೆ ಕೊಡಿ ಎಂದು ಮುಕ್ತ ತಂತ್ರಾಂಶದ ಬಳಗಕ್ಕೆ ಬಹಿರಂಗವಾಗಿ ಕೇಳಿಕೊಂಡಿತು. 2011ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಮರುಪರಿಶೀಲನೆ ನಡೆಸಿ ಆ ಪೇಟೆಂಟಿಗೆ ವಿರುದ್ಧವಾಗಿ ಆದೇಶ ಹೊರಡಿಸಿತು. ಬಾಗಿಲಲ್ಲಿ ನಿಂತು ಚೀಲ ತಪಾಸಣೆ ಮಾಡುವುದಕ್ಕೆ ಒಬ್ಬನೇ ಗುತ್ತಿಗೆದಾರ ಇರಬೇಕೆಂಬ ವಾದ ನನಗಂತೂ ಮೊದಲಿನಿಂದಲೂ ಒಪ್ಪಿಗೆಯಾಗಿರಲಿಲ್ಲ.

ನಮ್ಮಲ್ಲಿ ಸ್ಥಿತಿ ಸ್ವಲ್ಪ ಬೇರೆ. 1970ರ ಪೇಟೆಂಟ್ ಕಾಯ್ದೆಯ 3(ಕೆ) ವಿಧಿಯ ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ. 2004ರ ಕೊನೆಗೆ ಬಂದ ಸುಗ್ರೀವಾಜ್ಞೆ ಈ ತಡೆಯನ್ನು ಸಡಿಲಿಸಿತ್ತು. 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ಆ "ಬರೀ" ಎಂಬ ಮಾತಿನ ಅರ್ಥವೇನೆಂಬ ಚರ್ಚೆ ಮಾತ್ರ ಇನ್ನೂ ನಡೆದೇ ಇದೆ.

ಇನ್ನು ಸಿಗುವುದೆಲ್ಲಿ? ಉಬುಂಟು, ಡೆಬಿಯನ್ ಇದ್ದರೆ ಅವುಗಳ ತಂತ್ರಾಂಶ ಭಂಡಾರದಲ್ಲೇ ಕ್ಲ್ಯಾಮ್‌ಎವಿ ಇದೆ. ಮನೆಯಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ ಜೊತೆಗೇ ಬರುವ ಡಿಫೆಂಡರನ್ನು ಆಫ್ ಮಾಡದೆ ಹಾಗೇ ಬಿಡಿ. ದುಡ್ಡು ಕೊಟ್ಟೇ ಕೊಳ್ಳುವುದಾದರೆ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಪ್ರಕಟಿಸುವ ಫಲಿತಾಂಶ ನೋಡಿ. ಎಷ್ಟು ವೈರಸ್ ಹಿಡಿಯಿತು ಎಂಬುದಷ್ಟೇ ಸಾಲದು. ಯಂತ್ರವನ್ನು ಎಷ್ಟು ಎಳೆಯಿತು, ಒಳ್ಳೆಯ ಫೈಲನ್ನು ಕಳ್ಳನೆಂದು ಎಷ್ಟು ಸಲ ಹಿಡಿಯಿತು ಎಂಬುದನ್ನೂ ಓದಿ.

ಹಾಕಿಕೊಂಡ ಮೇಲೆ ಐಕಾರ್ ಎಂಬ ಪರೀಕ್ಷಾ ಫೈಲನ್ನು ಇಳಿಸಿಕೊಳ್ಳಿ. ಬರೀ 68 ಅಕ್ಷರಗಳ ಈ ಫೈಲಿನಿಂದ ಯಾವ ಹಾನಿಯೂ ಇಲ್ಲ. ನಿಮ್ಮ ಆ್ಯಂಟಿವೈರಸ್ ಅದನ್ನು ಕಂಡೂ ಸುಮ್ಮನಿದ್ದರೆ, ಮೊದಲು ಚಹರೆಪಟ್ಟಿಯ ತಾರೀಖು ನೋಡಿ.