ಗುಡ್ಡಕ್ಕೆ ಸಿಸಿ ಗೊತ್ತಿಲ್ಲ: ಎಂಡ್ಯೂರೊ ಬೈಕ್‌ಗಳ ಬಗ್ಗೆ ಏಳು ತಪ್ಪು ಕಲ್ಪನೆಗಳು

ಹೋದ ಮಳೆಗಾಲದಲ್ಲಿ ಎರಡು ಬೈಕ್‌ಗಳನ್ನು ಹೋಲಿಸಿ ನೋಡೋಣವೆಂದು ಸಕಲೇಶಪುರದ ಹತ್ತಿರ ಗೆಳೆಯನ ಕಾಫಿ ತೋಟದಲ್ಲಿ ಮೂವರು ಸೇರಿದ್ದೆವು. ತೋಟದ ಮನೆಯ ಹಿಂದೆ ಒಂದು ಏರು. ಕೆಂಪು ಜೇಡಿಮಣ್ಣು, ನಡುವೆ ನೀರು ಕೊರೆದ ಕೊರಕಲು. ಮೊದಲ ಬೈಕ್ ಅರ್ಧ ಏರಿದ್ದೇ ತಡ, ಹಿಂದಿನ ಚಕ್ರ ನಿಂತಲ್ಲೇ ತಿರುಗಿ ನಮ್ಮ ಮೈಮೇಲೆಲ್ಲ ಕೆಸರು ಎರಚಿತು. ಎರಡನೆಯದು ಒಂದೇ ಉಸಿರಿಗೆ ಮೇಲೆ ಹತ್ತಿತು. ತೀರ್ಪು ಅಲ್ಲೇ ಆಗಿಹೋಯಿತು.

ಕಾಫಿ ಕುಡಿಯುವಾಗ ಒಬ್ಬನಿಗೆ ಅನುಮಾನ ಬಂದು, ಚೀಲದಿಂದ ಗಾಳಿ ನೋಡುವ ಗೇಜ್ ತೆಗೆದ. ಸೋತ ಬೈಕಿನ ಟೈರಿನಲ್ಲಿ 32 ಪಿಎಸ್‌ಐ; ಬರುವಾಗ ದಾರಿಯ ಬಂಕಿನಲ್ಲಿ ತುಂಬಿಸಿದ್ದು. ಗೆದ್ದ ಬೈಕಿನಲ್ಲಿ 18. ಎರಡಕ್ಕೂ 18 ಮಾಡಿ ಮತ್ತೆ ಏರಿಸಿದೆವು. ಈ ಸಲ ಸೋತ ಬೈಕೇ ಹೆಚ್ಚು ಸಲೀಸಾಗಿ ಹತ್ತಿತು. ನಾವು ಮೊದಲು ಕೊಟ್ಟ ತೀರ್ಪು ಬೈಕಿನದ್ದಲ್ಲ, ಬಂಕಿನ ಗಾಳಿಯದ್ದು.

ಮಣ್ಣಿನ ಬೈಕ್‌ಗಳ ಬಗ್ಗೆ ನಮ್ಮಲ್ಲಿ ಓಡಾಡುವ ಮಾತುಗಳಲ್ಲಿ ಹೆಚ್ಚಿನವು ಇಂಥವೇ. ಟಾರು ರಸ್ತೆಯ ಅನುಭವವನ್ನು ಹಾಗೇ ಎತ್ತಿಕೊಂಡು ಹೋಗಿ ಕೆಸರಿನಲ್ಲಿ ಇಟ್ಟಂಥವು. ಒಂದೊಂದಾಗಿ ನೋಡೋಣ.

ನಂಬಿಕೆ 1: ಮಣ್ಣಿನಲ್ಲಿ ಓಡುವುದೆಲ್ಲ ಎಂಡ್ಯೂರೊ ಬೈಕೇ

ಸತ್ಯ: ಅಣ್ಣತಮ್ಮಂದಿರಾದರೂ ಸ್ವಭಾವ ಬೇರೆ ಬೇರೆ. ಮೋಟೊಕ್ರಾಸ್ ಬೈಕ್ ಹುಟ್ಟಿದ್ದು ಮುಚ್ಚಿದ ಟ್ರ್ಯಾಕಿನಲ್ಲಿ ಅರ್ಧ ಗಂಟೆ ಹಾರಿ ಹಾರಿ ಓಡುವುದಕ್ಕೆ. ಅದಕ್ಕೆ ಹೆಡ್‌ಲೈಟ್ ಇಲ್ಲ, ಗೇರ್‌ಗಳು ಒತ್ತೊತ್ತಾಗಿರುತ್ತವೆ, ಶಾಕ್ ಗಟ್ಟಿ, ಹಿಂದಿನ ಚಕ್ರ 19 ಇಂಚು. ಎಂಡ್ಯೂರೊ ಬೈಕ್ ಇಡೀ ದಿನ ಕಾಡು, ಕಲ್ಲು, ಹಳ್ಳ ದಾಟಬೇಕು. ಆದ್ದರಿಂದ ಲೈಟು, ತೆವಳುವುದಕ್ಕೂ ಓಡುವುದಕ್ಕೂ ಒದಗುವ ವಿಶಾಲ ಗೇರ್ ಅಂತರ, ಸ್ವಲ್ಪ ಮೆದುವಾದ ಶಾಕ್, 18 ಇಂಚಿನ ಹಿಂದಿನ ಚಕ್ರ. ಚಕ್ರ ಒಂದಿಂಚು ಚಿಕ್ಕದಾದರೆ ಟೈರಿನ ಗೋಡೆ ಎತ್ತರವಾಗುತ್ತದೆ. ಕಲ್ಲಿಗೆ ಬಡಿದಾಗ ಪೆಟ್ಟನ್ನು ಅದು ನುಂಗಿಕೊಳ್ಳುತ್ತದೆ. ಈ ಬಗೆಯ ಸವಾರಿಯ ತಾಯಿಬೇರು ಆರು ದಿನಗಳ ಅಂತಾರಾಷ್ಟ್ರೀಯ ಸ್ಪರ್ಧೆ. ಅದು 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಶುರುವಾಯಿತು.

ನಮ್ಮ ಶೋರೂಮ್‌ಗಳಲ್ಲಿ ಸಿಗುವ ಹೀರೊ ಎಕ್ಸ್‌ಪಲ್ಸ್, ಕವಾಸಕಿ ಕೆಎಲ್‌ಎಕ್ಸ್ 230ರಂಥವು ನಂಬರ್ ಪ್ಲೇಟ್ ಹಾಕಿಕೊಂಡು ರಸ್ತೆಗೂ ಮಣ್ಣಿಗೂ ಒಗ್ಗುವ ನಡುದಾರಿಯ ಬೈಕ್‌ಗಳು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ದೂರ ಪ್ರಯಾಣದ ಬೈಕ್. ಇವನ್ನು ಅಪ್ಪಟ ಸ್ಪರ್ಧೆಯ ಎಂಡ್ಯೂರೊ ಜೊತೆ ಹೋಲಿಸುವುದೆಂದರೆ ಎತ್ತನ್ನೂ ಕುದುರೆಯನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಸ್ಪರ್ಧೆಯ ಬೈಕ್‌ಗಳ ಸರ್ವಿಸ್ ಲೆಕ್ಕವೂ ಕಿಲೋಮೀಟರಿನಲ್ಲಿಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿದೆ. ಬೆಲೆ ಕೇಳುವ ಮೊದಲು ಇದನ್ನು ಕೇಳುವುದು ಒಳ್ಳೆಯದು.

ನಂಬಿಕೆ 2: ಸಿಸಿ ಹೆಚ್ಚಿದ್ದಷ್ಟೂ ಒಳ್ಳೆಯದು

ಸತ್ಯ: ಗುಡ್ಡಕ್ಕೆ ಸಿಸಿ ಗೊತ್ತಾಗುವುದಿಲ್ಲ, ತೂಕ ಗೊತ್ತಾಗುತ್ತದೆ. ಹಿಮಾಲಯನ್ 450ರ ತೂಕ 196 ಕೆ.ಜಿ. ಎಕ್ಸ್‌ಪಲ್ಸ್ 200 4ವಿ ಸುಮಾರು 160 ಕೆ.ಜಿ. ಕೆಟಿಎಂನ 300 ಸಿಸಿ ಎಂಡ್ಯೂರೊ ಪೆಟ್ರೋಲ್ ಬಿಟ್ಟರೆ ಹತ್ತಿರ ಹತ್ತಿರ 105 ಕೆ.ಜಿ. ಹೆದ್ದಾರಿಯಲ್ಲಿ ಭಾರವಾದ ಬೈಕ್ ಗಾಳಿಗೆ ಅಲ್ಲಾಡದೆ ಓಡುತ್ತದೆ, ಹಿತವಾಗಿಯೇ ಇರುತ್ತದೆ. ಅದೇ ಬೈಕ್ ಏರಿನ ನಡುವೆ ಮಗುಚಿ, ಹ್ಯಾಂಡಲ್ ಇಳಿಜಾರಿನ ಕಡೆ ಬಿದ್ದಾಗ ಎತ್ತಿ ನೋಡಿ. ಮೊದಲ ಸಲ ಎತ್ತುತ್ತೀರಿ. ಮೂರನೇ ಸಲಕ್ಕೆ ಕೈ ನಡುಗುತ್ತದೆ. ಐದನೇ ಸಲ ಬೈಕಿನ ಪಕ್ಕದಲ್ಲೇ ಕೂತು ನೀರು ಕುಡಿಯುತ್ತೀರಿ.

ಜಗತ್ತಿನ ಅತಿ ಕಠಿಣ ರ್‍ಯಾಲಿಯಾದ ಡಕಾರ್‌ನಲ್ಲೂ ಬೈಕ್‌ಗಳಿಗೆ 2011ರಿಂದ 450 ಸಿಸಿಯ ಮಿತಿಯಿದೆ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು 36ನೇ ಸ್ಥಾನದಲ್ಲಿ ಮುಗಿಸಿ, ಡಕಾರ್ ಪೂರೈಸಿದ ಮೊದಲ ಭಾರತೀಯರಾದರು. ಮರಳುಗಾಡಿಗೆ ಸಾಲುವ ಎಂಜಿನ್ ನಮ್ಮ ತೋಟದ ದಾರಿಗೆ ಸಾಲದೆ?

ನಂಬಿಕೆ 3: ಎರಡೂ ಕಾಲು ನೆಲಕ್ಕೆ ಪೂರ್ತಿ ತಾಗಬೇಕು

ಸತ್ಯ: ಶೋರೂಮಿನಲ್ಲಿ ಎಲ್ಲರೂ ಮೊದಲು ಮಾಡುವ ಪರೀಕ್ಷೆ ಇದು. ಪೇಟೆಯ ಟ್ರಾಫಿಕ್‌ಗೆ ಸರಿ. ಎಕ್ಸ್‌ಪಲ್ಸ್ 200 4ವಿಯ ಸೀಟು 825 ಮಿ.ಮೀ ಎತ್ತರ, ಅದರದೇ ಪ್ರೊ ಮಾದರಿಯ ಸೀಟು 891 ಮಿ.ಮೀ. ಏಕೆ ಇಷ್ಟು ವ್ಯತ್ಯಾಸ? ಪ್ರೊನಲ್ಲಿ ಮುಂದಿನ ಫೋರ್ಕ್ 190ರ ಬದಲು 250 ಮಿ.ಮೀ ಚಲಿಸುತ್ತದೆ, ಹಿಂದಿನ ಶಾಕ್ 170ರ ಬದಲು 220. ನೆಲದಿಂದ ಬೈಕಿನ ಹೊಟ್ಟೆಯೂ ಮೇಲೇರಿ, ಕಲ್ಲಿಗೆ ತಾಗದೆ ದಾಟುತ್ತದೆ. ಆ ಎತ್ತರ ತೆತ್ತೇ ಈ ಅನುಕೂಲ ಪಡೆಯಬೇಕು.

ಮಣ್ಣಿನಲ್ಲಿ ಸವಾರಿಯ ಬಹುಪಾಲು ನಿಂತೇ ನಡೆಯುತ್ತದೆ. ನಿಂತಾಗ ಮೈಭಾರ ಸೀಟಿನಿಂದ ಫುಟ್‌ರೆಸ್ಟಿಗೆ ಇಳಿಯುತ್ತದೆ. ಬೈಕ್ ಕೆಳಗೆ ಕುಣಿದರೂ ಮೊಣಕಾಲುಗಳು ಆ ಕುಣಿತವನ್ನು ತಡೆದುಕೊಳ್ಳುತ್ತವೆ. ನಿಲ್ಲಬೇಕಾದಾಗ ಒಂದು ಕಾಲಿನ ಮುಂಗಾಲು ತಾಗಿದರೂ ನಡೆಯುತ್ತದೆ. ಸೊಂಟವನ್ನು ಸೀಟಿನ ಒಂದು ಬದಿಗೆ ಜಾರಿಸಿ, ಎತ್ತರದ ನೆಲ ಯಾವ ಕಡೆಯಿದೆ ಎಂದು ನೋಡಿ ಕಾಲೂರುವುದನ್ನು ಕಲಿಯಬೇಕು, ಅಷ್ಟೆ. ಹಾಗೆಂದು ಹೊಸಬರು ನಾಚಿಕೊಳ್ಳಬೇಕಿಲ್ಲ. ಮೊದಲ ವರ್ಷ ತಗ್ಗು ಸೀಟು ಧೈರ್ಯ ಕೊಡುತ್ತದೆ, ಆ ಧೈರ್ಯಕ್ಕೂ ಬೆಲೆಯಿದೆ.

ನಂಬಿಕೆ 4: ಒತ್ತಿದರೆ ಮೆತ್ತಗೆ ಕುಸಿಯುವ ಶಾಕ್ ಒಳ್ಳೆಯ ಶಾಕ್

ಸತ್ಯ: ಹ್ಯಾಂಡಲ್ ಹಿಡಿದು ಎರಡು ಸಲ ಒತ್ತಿ ತಲೆಯಾಡಿಸುವುದನ್ನು ನೀವೂ ನೋಡಿರುತ್ತೀರಿ. ಅದರಿಂದ ಏನೂ ತಿಳಿಯುವುದಿಲ್ಲ. ಶಾಕ್ ಒಳ್ಳೆಯದೋ ಕೆಟ್ಟದೋ ಎನ್ನುವುದಕ್ಕಿಂತ ನಿಮ್ಮ ತೂಕಕ್ಕೆ ಹೊಂದಿದೆಯೋ ಇಲ್ಲವೋ ಎನ್ನುವುದು ಮೊದಲ ಪ್ರಶ್ನೆ.

ಅಳೆಯಲು ಒಂದು ಟೇಪ್, ಒಬ್ಬ ಗೆಳೆಯ ಸಾಕು. ಬೈಕನ್ನು ಹಿಂದಿನ ಚಕ್ರ ನೆಲ ಬಿಡುವಂತೆ ಸ್ಟ್ಯಾಂಡಿನ ಮೇಲೆ ಎತ್ತಿ, ಹಿಂದಿನ ಚಕ್ರದ ಆಕ್ಸೆಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿಗೆ ಅಳೆಯಿರಿ. 600 ಮಿ.ಮೀ ಬಂತೆನ್ನಿ. ಈಗ ಕೆಳಗಿಳಿಸಿ, ಹೆಲ್ಮೆಟ್ಟು ಬೂಟು ಎಲ್ಲ ಹಾಕಿಕೊಂಡು ಹತ್ತಿ. ಗೆಳೆಯ ಅದೇ ಗುರುತಿಗೆ ಮತ್ತೆ ಅಳೆಯಲಿ. 500 ಬಂದರೆ ನಿಮ್ಮ ಭಾರಕ್ಕೆ ಬೈಕ್ 100 ಮಿ.ಮೀ ಕುಸಿದಿದೆ. ಶಾಕಿನ ಒಟ್ಟು ಚಲನೆಯಲ್ಲಿ ಮೂರರಲ್ಲೊಂದು ಭಾಗ ಹೀಗೆ ಕುಸಿಯುವುದು ಹದ. 300 ಮಿ.ಮೀ ಚಲನೆಯ ಸ್ಪರ್ಧೆಯ ಬೈಕಿಗೆ 100 ಸರಿ, 220 ಮಿ.ಮೀ ಇರುವ ಬೈಕಿಗೆ ಅದು ಅತಿ, 70ರ ಆಸುಪಾಸು ಇರಬೇಕು. ಹೆಚ್ಚು ಕುಸಿದರೆ ಬೈಕಿನ ಹಿಂಭಾಗ ತಗ್ಗಿ, ಮುಂದಿನ ಚಕ್ರ ಹಗುರಾಗಿ, ತಿರುವಿನಲ್ಲಿ ಹಿಡಿತ ಸಡಿಲವಾಗುತ್ತದೆ. ಸ್ಪ್ರಿಂಗಿನ ಮೇಲಿನ ರಿಂಗನ್ನು ತಿರುಗಿಸಿ ಸರಿಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕು. 55 ಕೆ.ಜಿಯ ಸವಾರ ಹೊಗಳಿದ ಬೈಕನ್ನು 90 ಕೆ.ಜಿಯವನು ಬೈಯುವುದರ ಗುಟ್ಟು ಇಲ್ಲಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಂಬಿಕೆ 5: ಟೂ-ಸ್ಟ್ರೋಕ್ ಕಾಲ ಮುಗಿಯಿತು

ಸತ್ಯ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಹೊಗೆ ನಿಯಮಗಳು ಬಿಗಿಯಾದವು, ಟೂ-ಸ್ಟ್ರೋಕ್ ಬೈಕ್‌ಗಳು ನಮ್ಮ ರಸ್ತೆಯಿಂದ ಮಾಯವಾದವು. ಹಾಗಾಗಿ ನಮಗೆ ಅವು ನೆನಪಿನ ಸರಕು. ಆದರೆ ಆಸ್ಟ್ರಿಯಾದ ಕಬ್ಬಿಣದ ಗಣಿಯಲ್ಲಿ 1995ರಿಂದ ನಡೆಯುತ್ತಿರುವ ಎರ್ಜ್‌ಬರ್ಗ್ ರೋಡಿಯೊದಲ್ಲಿ ಗೆಲ್ಲುವ ಬೈಕ್‌ಗಳಲ್ಲಿ ಇವತ್ತಿಗೂ 300 ಸಿಸಿ ಟೂ-ಸ್ಟ್ರೋಕ್‌ಗಳದ್ದೇ ಮೇಲುಗೈ. ಕೊನೆಯ ಸುತ್ತಿಗೆ 500 ಸವಾರರು ಹೊರಡುತ್ತಾರೆ. ನಾಲ್ಕು ಗಂಟೆಯೊಳಗೆ ಗುರಿ ಮುಟ್ಟುವವರು ಬೆರಳೆಣಿಕೆಯಷ್ಟು. 2019ರಲ್ಲಿ ಅಲ್ಲಿ ಐದನೇ ಸಲ ಗೆದ್ದ ಗ್ರಹಾಂ ಜಾರ್ವಿಸ್‌ಗೆ ಆಗ 44 ವರ್ಷ. ಇದು ಹುಡುಗರ ತೋಳ್ಬಲದ ಆಟವಷ್ಟೇ ಎನ್ನುವವರಿಗೂ ಅದೇ ಉತ್ತರ.

ಟೂ-ಸ್ಟ್ರೋಕ್‌ನಲ್ಲಿ ಕವಾಟಗಳಿಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಎಂಜಿನ್ ಹಗುರ, ಬಿಚ್ಚುವುದೂ ಸುಲಭ. ಕೆಳಗಿನ ವೇಗದಲ್ಲಿ ಎಳೆಯುವುದಿಲ್ಲ ಎಂಬ ಹಳೆಯ ದೂರನ್ನು ಪವರ್ ವಾಲ್ವ್ ಎಂಬ ಪುಟ್ಟ ಕದ ಬಹುಮಟ್ಟಿಗೆ ನೀಗಿಸಿದೆ. ಎಂಜಿನ್ ನಿಧಾನವಿದ್ದಾಗ ಅದು ಹೊಗೆ ಹೋಗುವ ಕಿಂಡಿಯನ್ನು ತಗ್ಗಿಸಿ ಎಳೆತ ಉಳಿಸುತ್ತದೆ, ವೇಗ ಏರಿದಾಗ ಪೂರ್ತಿ ತೆರೆಯುತ್ತದೆ. 2017ರಲ್ಲಿ ಕೆಟಿಎಂ ಇವಕ್ಕೆ ಫ್ಯುಯೆಲ್ ಇಂಜೆಕ್ಷನ್ ಕೂಡ ತಂದಿತು. ಕೊರತೆಯೂ ಇದೆ: ಇಳಿಜಾರಿನಲ್ಲಿ ಫೋರ್-ಸ್ಟ್ರೋಕ್‌ನಂತೆ ಎಂಜಿನ್ ಹಿಡಿದು ನಿಲ್ಲಿಸುವುದಿಲ್ಲ.

ನಂಬಿಕೆ 6: ಮಣ್ಣಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು

ಸತ್ಯ: ಮಣ್ಣಿನಲ್ಲೂ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೇ ವಾಲುತ್ತದೆ, ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಚಕ್ರಕ್ಕೇ. ಒಂದೇ ಬೆರಳಲ್ಲಿ, ಹಿಂಡುವ ಹಾಗೆ, ಬೈಕ್ ನೆಟ್ಟಗಿರುವಾಗ ಹಿಡಿಯಬೇಕು. ವಾಲಿದಾಗ ಹಿಡಿದರೆ ಬಿದ್ದಂತೆಯೇ. ಎಬಿಎಸ್ ಕಥೆ ಬೇರೆ. ಸಡಿಲ ಜಲ್ಲಿಯಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಮಣ್ಣು ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ. ಎಬಿಎಸ್ ಅದಕ್ಕೆ ಬಿಡುವುದಿಲ್ಲ, ಬೈಕ್ ಮುಂದೆ ಮುಂದೆ ಹೋಗುತ್ತದೆ. ಅದಕ್ಕೇ ಕೆಲವು ಬೈಕ್‌ಗಳಲ್ಲಿ ಹಿಂದಿನ ಎಬಿಎಸ್ ಆಫ್ ಮಾಡುವ ಅವಕಾಶ ಕೊಟ್ಟಿರುವುದು. ಟಾರು ರಸ್ತೆಗೆ ಬಂದ ಕೂಡಲೇ ಆನ್ ಮಾಡಲು ಮರೆಯಬೇಡಿ.

ನಂಬಿಕೆ 7: ಒಂದು ರೌಂಡ್ ಹೊಡೆದರೆ ಬೈಕ್ ಗೊತ್ತಾಗುತ್ತದೆ

ಸತ್ಯ: ಶೋರೂಮಿನವರು ಕೊಡುವ ಎರಡು ಕಿಲೋಮೀಟರ್ ಟಾರು ರಸ್ತೆಯಲ್ಲಿ ಕ್ಲಚ್ ಬಿಗಿಯೋ ಸಡಿಲವೋ, ಕಾಲಿಗೆ ಬಿಸಿ ಬಡಿಯುತ್ತದೆಯೋ, ಕೈ ಜುಮುಗುಟ್ಟುತ್ತದೆಯೋ ತಿಳಿಯುತ್ತದೆ. ಮಣ್ಣಿನ ಗುಣ ಅಲ್ಲಿ ತಿಳಿಯದು. ಗೆಳೆಯರ ಬೈಕ್ ಸಿಕ್ಕರೆ, ಜಾಗ ಸಿಕ್ಕರೆ, ಹೋಲಿಕೆಗೆ ನಾವು ಈಗ ಪಾಲಿಸುವ ಕ್ರಮ ಹೀಗಿದೆ.

ಮೊದಲು ಟೈರ್. ಒಂದರಲ್ಲಿ ಗುಬುಟಿನ ಟೈರ್, ಇನ್ನೊಂದರಲ್ಲಿ ಸವೆದ ರಸ್ತೆ ಟೈರ್ ಇದ್ದರೆ ಅವತ್ತು ತೀರ್ಪು ಕೊಡುವುದೇ ಬೇಡ. ಗಾಳಿ ಎರಡಕ್ಕೂ ಒಂದೇ ಇರಲಿ. ಹ್ಯಾಂಡಲ್, ಲಿವರ್‌ಗಳನ್ನು ನಿಂತು ಓಡಿಸುವವನ ಕೈಗೆ ಹೊಂದಿಸಿ.

ಆಮೇಲೆ ಸರದಿ. ಮೊದಲ ಬೈಕಿನಲ್ಲಿ ನೀವು ದಾರಿ ಕಲಿಯುತ್ತಿರುತ್ತೀರಿ. ಎರಡನೆಯದರ ಹೊತ್ತಿಗೆ ಕಲ್ಲು ಎಲ್ಲಿದೆ, ಬೇರು ಎಲ್ಲಿದೆ ಎಂದು ಗೊತ್ತಿರುತ್ತದೆ, ಆ ಲಾಭ ಎರಡನೆಯ ಬೈಕಿನ ಖಾತೆಗೆ ಜಮಾ ಆಗುತ್ತದೆ. ಅದಕ್ಕೇ ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು ಎಂದು ಓಡಿಸಬೇಕು. ಬೇರೆ ತೂಕದ ಇನ್ನೊಬ್ಬ ಸವಾರ ಉಲ್ಟಾ ಸರದಿಯಲ್ಲಿ ಓಡಿಸಲಿ.

ಪರೀಕ್ಷೆ ನಿಧಾನದಲ್ಲೇ ಇರಲಿ. ಫಸ್ಟ್ ಗೇರಿನಲ್ಲಿ, ಕ್ಲಚ್ ಮುಟ್ಟದೆ, ನಡೆಯುವ ವೇಗದಲ್ಲಿ ಎಂಜಿನ್ ಬಂದ್ ಆಗದೆ ತೆವಳುತ್ತದೆಯೇ? ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಬಹುದೇ? ನಿಂತಾಗ ಮೊಣಕಾಲುಗಳ ನಡುವೆ ಟ್ಯಾಂಕ್ ಹಿಡಿತಕ್ಕೆ ಸಿಗುತ್ತದೆಯೇ? ವೇಗದ ಅನುಭವವನ್ನು ಮಾತ್ರ ನಂಬಬೇಡಿ. ಅರಚುವ, ಒದೆಯುವ ಬೈಕ್ ವೇಗವಾಗಿ ಓಡಿದಂತೆ ಅನಿಸುತ್ತದೆ; ಗಡಿಯಾರ ನೋಡಿದರೆ ಸಪ್ಪೆ ಅನಿಸಿದ್ದೇ ಮುಂದಿರುತ್ತದೆ. ಇಪ್ಪತ್ತು ನಿಮಿಷವಾದ ಮೇಲೆ ಯಾವುದರಿಂದ ಇಳಿದಾಗ ಕೈ ಕಡಿಮೆ ನೋಯುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಕೊನೆಗೆ, ಮಾಲೀಕರು ಒಪ್ಪಿದರೆ, ಬೈಕನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಒಬ್ಬರೇ ಮೂರು ಸಲ ಎತ್ತಿ.

ಜಾಗದ ಮಾತೂ ಇದೆ. ಅಭಯಾರಣ್ಯ, ಮೀಸಲು ಅರಣ್ಯ, ಶೋಲಾ ಹುಲ್ಲುಗಾವಲು ಇವೆಲ್ಲ ಟೆಸ್ಟ್ ರೈಡಿನ ಮೈದಾನವಲ್ಲ. ಚಕ್ರ ಕೊರೆದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ. ಒಪ್ಪಿಗೆ ಕೊಟ್ಟವರ ಖಾಸಗಿ ಜಮೀನು, ಇಲ್ಲವೇ ಡರ್ಟ್ ಪಾರ್ಕ್ ನೋಡಿಕೊಳ್ಳಿ.

ಅವತ್ತು ಸಂಜೆ ನಾವು ಮೂವರೂ ಏರಿನ ಬುಡದಲ್ಲಿ ನಿಂತು ಗೇಜ್ ಹಿಡಿದು ವಾದಿಸುತ್ತಿದ್ದಾಗ ತೋಟದ ರೈಟರ್ ಹಳೆಯ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬಂದರು. ಮುಂದೆ ಕಾಲಿನ ಹತ್ತಿರ ಅರ್ಧ ಮೂಟೆ ಗೊಬ್ಬರ. ನಮ್ಮನ್ನು ದಾಟಿ, ಕೊರಕಲಿನ ತಂಟೆಗೇ ಹೋಗದೆ, ಕಾಫಿ ಗಿಡಗಳ ಬದಿಯ ಹುಲ್ಲಿನ ಮೇಲೆ ಕಾಲು ಜಾಡಿಸುತ್ತ ಮೇಲೆ ಹತ್ತಿಬಿಟ್ಟರು. ಮೇಲಿಂದ ತಿರುಗಿ, "ಆ ನಡುದಾರೀಲಿ ಯಾಕ್ ಒದ್ದಾಡ್ತೀರಿ ಸಾರ್, ಬದೀಲಿ ಹುಲ್ಲಿದೆಯಲ್ಲ" ಅಂದರು.

ಹಗುರ ಬಂಡಿ, ನಿಧಾನದ ವೇಗ, ನೆಲದ ಪರಿಚಯ. ನಾವು ಬೆಳಗಿನಿಂದ ಅಳೆಯಲು ಒದ್ದಾಡಿದ್ದು ಅದನ್ನೇ. ಗೆಳೆಯ ಗೇಜನ್ನು ಚೀಲಕ್ಕೆ ಹಾಕಿದ. ನಾವೂ ಹುಲ್ಲಿನ ಬದಿಗೆ ಬೈಕ್ ತಿರುಗಿಸಿದೆವು.