ಔಷಧ ನಿರ್ಮಾಣದಲ್ಲಿ ಸಾಮಾನ್ಯ ಲೋಹಗಳು

ಬೆಲೆಬಾಳುವ ವಸ್ತುವೇ ಶ್ರೇಷ್ಠವೆಂಬ ಭಾವನೆ ಜನಮನದಲ್ಲಿ ಆಳವಾಗಿ ಬೇರೂರಿದೆ. ರಸಾಯನಶಾಸ್ತ್ರದಲ್ಲಿಯೂ ಬಹುಕಾಲ ಹಾಗೆಯೇ ಇದ್ದಿತು. ಅದು ಮೆಲ್ಲನೆ ಬದಲಾಗುತ್ತಿರುವ ಬಗೆಯನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ರಾಸಾಯನಿಕ ಕ್ರಿಯೆಯಲ್ಲಿ ಪಾಲ್ಗೊಂಡು, ಅದನ್ನು ಶೀಘ್ರಗೊಳಿಸಿ, ಕೊನೆಗೆ ತಾನು ಮೊದಲಿನಂತೆಯೇ ಉಳಿಯುವ ವಸ್ತುವಿಗೆ ವೇಗವರ್ಧಕವೆಂದು ಹೆಸರು. ರಕ್ತದೊತ್ತಡಕ್ಕೆಂದು ಅನೇಕ ಮನೆಗಳಲ್ಲಿ ಹಿರಿಯರು ಸೇವಿಸುವ ಲೋಸಾರ್ಟಾನ್ ಗುಳಿಗೆಯನ್ನೇ ನೋಡೋಣ. ಅದರ ಅಣುವಿನಲ್ಲಿ ಆರಾರು ಇಂಗಾಲಗಳ ಎರಡು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಈ ಬೆಸುಗೆಯನ್ನು ಪಲ್ಲಾಡಿಯಮ್ ಲೋಹದ ನೆರವಿನಿಂದ ಸಾಧಿಸುವ ವಿಧಾನ ಪ್ರಸಿದ್ಧವಾದುದು. ಇಂತಹ ಜೋಡಣಾ ಕ್ರಿಯೆಗಳಿಗಾಗಿ ಹೆಕ್, ನೆಗಿಶಿ, ಸುಜುಕಿ ಎಂಬ ಮೂವರು ವಿಜ್ಞಾನಿಗಳಿಗೆ 2010ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಪಲ್ಲಾಡಿಯಮ್ ಅತಿ ವಿರಳ. ಭೂಮಿಯ ಹೊರಪದರದ ಹತ್ತು ಕೋಟಿ ಭಾಗಗಳಲ್ಲಿ ಅದು ಒಂದೆರಡು ಭಾಗ ಮಾತ್ರ. ಕಬ್ಬಿಣವಾದರೋ ನೂರಕ್ಕೆ ಸುಮಾರು 5 ಭಾಗ. ಪಲ್ಲಾಡಿಯಮ್ಮಿನ ಬಹುಪಾಲು ರಷ್ಯಾ ಮತ್ತು ದಕ್ಷಿಣ ಆಫ್ರಿಕಗಳ ಗಣಿಗಳಿಂದಲೇ ಬರುತ್ತದೆ. ವಾಹನಗಳ ಹೊಗೆಯನ್ನು ಶುದ್ಧಗೊಳಿಸಲೂ ಅದೇ ಲೋಹ ಬೇಕು. ರೋಗಿಯ ಗುಳಿಗೆಯು ಇಷ್ಟು ಇಕ್ಕಟ್ಟಾದ ಮೂಲವನ್ನು ನೆಚ್ಚಿಕೊಂಡಿರುವುದು ಯೋಚಿಸಬೇಕಾದ ಸಂಗತಿ.

ಸಾಮಾನ್ಯ ಲೋಹಗಳಿಗೆ ಈ ಶಕ್ತಿ ಇಲ್ಲವೇ? ಉಂಟೆಂದೇ ಚರಿತ್ರೆ ಹೇಳುತ್ತದೆ. ನಿಕ್ಕಲ್ಲಿನಿಂದ ಹೈಡ್ರೋಜನ್ ಕೂಡಿಸುವ ವಿಧಾನಕ್ಕಾಗಿ ಫ್ರಾನ್ಸಿನ ಸಬಾಟಿಯೇ 1912ರಲ್ಲಿ ನೊಬೆಲ್ ಪಡೆದರು. ಎಣ್ಣೆಯನ್ನು ವನಸ್ಪತಿಯಾಗಿಸಿದ್ದು ಈ ಮಾರ್ಗವೇ. 1971ರಲ್ಲಿ ಅಮೆರಿಕದ ಕೋಚಿ ಕಬ್ಬಿಣದಿಂದಲೂ, 1972ರಲ್ಲಿ ಜಪಾನಿನ ಕುಮಾಡಾ ನಿಕ್ಕಲ್ಲಿನಿಂದಲೂ ಇಂಗಾಲದ ಬೆಸುಗೆಯನ್ನು ಸಾಧಿಸಿ ತೋರಿಸಿದರು.

ಆದರೂ ಇವು ಹಿಂದುಳಿಯಲು ಕಾರಣವಿದೆ. ಪಲ್ಲಾಡಿಯಮ್ ಸಾಮಾನ್ಯವಾಗಿ ಎಲೆಕ್ಟ್ರಾನುಗಳನ್ನು ಎರಡೆರಡಾಗಿ ಕೊಟ್ಟು ಕೊಳ್ಳುವುದರಿಂದ ಅದರ ನಡೆ ನಿಶ್ಚಿತ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳು ಅನೇಕ ವೇಳೆ ಒಂದೊಂದಾಗಿ ಕೊಡುತ್ತವೆ. ಆಗ ಬೇಡದ ಉಪವಸ್ತುಗಳೂ ಹುಟ್ಟಬಹುದು. ಲೋಹವನ್ನು ಸುತ್ತುವರಿದು ಅದರ ನಡೆಯನ್ನು ತಿದ್ದುವ ಲಿಗ್ಯಾಂಡ್ ಎಂಬ ಸಹಾಯಕ ಅಣುಗಳಿಂದ ವಿಜ್ಞಾನಿಗಳು ಈ ಚಾಂಚಲ್ಯವನ್ನು ಹತೋಟಿಗೆ ತಂದಿದ್ದಾರೆ. ಅಷ್ಟೇ ಅಲ್ಲ, ಒಂದೊಂದಾಗಿ ಕೊಡುವ ಗುಣವನ್ನೇ ಬಳಸಿಕೊಂಡು, ಬೆಳಕಿನ ನೆರವಿನೊಡನೆ, ಪಲ್ಲಾಡಿಯಮ್ಮಿಗೆ ಕಷ್ಟವಾದ ಬೆಸುಗೆಗಳನ್ನೂ ನಿಕ್ಕಲ್ಲಿನಿಂದ ಮಾಡಿಸುತ್ತಿದ್ದಾರೆ.

ಅಗ್ಗವಾದುದೆಲ್ಲ ನಿರಪಾಯವೆಂದು ಯಾರೂ ಭಾವಿಸಬಾರದು. ನಿಕ್ಕಲ್ಲಿನ ಲವಣಗಳು ವಿಷಕರ. ಅವುಗಳೊಡನೆ ದುಡಿಯುವವರಿಗೆ ರಕ್ಷಣೆ ಅವಶ್ಯ. ಸಾಮಾನ್ಯ ಲೋಹ ಹೆಚ್ಚು ಪ್ರಮಾಣದಲ್ಲಿ ಬೇಕಾಗುವುದುಂಟು. ಲಿಗ್ಯಾಂಡಿನ ಬೆಲೆಯು ಲೋಹದ ಬೆಲೆಯನ್ನು ಮೀರುವುದೂ ಉಂಟು. ಗುಳಿಗೆಯಲ್ಲಿ ಉಳಿಯಬಹುದಾದ ಪಲ್ಲಾಡಿಯಮ್ ಮತ್ತು ನಿಕ್ಕಲ್ಲಿನ ಅಂಶಕ್ಕೆ ಕಟ್ಟುನಿಟ್ಟಾದ ಮಿತಿಗಳಿವೆ. ಕಬ್ಬಿಣದ ವಿಷಯದಲ್ಲಿ ಆತಂಕ ಕಡಿಮೆ. ಆದುದರಿಂದ ಒಂದು ವಿಧಾನದ ಹಿರಿಮೆಯನ್ನು ಅದರ ಎಲ್ಲ ಲಾಭನಷ್ಟಗಳನ್ನು ತೂಗಿಯೇ ನಿರ್ಣಯಿಸಬೇಕು.

ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುತ್ತಿರುವ ನಮ್ಮ ಮನೆಗಳ ಮಕ್ಕಳು ಈ ಕ್ಷೇತ್ರದತ್ತ ದೃಷ್ಟಿ ಹಾಯಿಸಲಿ. ಮಾಡಬೇಕಾದ ಕೆಲಸ ಇಲ್ಲಿ ಬಹಳಷ್ಟು ಉಳಿದಿದೆ. ಅದರ ಫಲ ಬಡವರ ಔಷಧದ ಖರ್ಚನ್ನು ತಗ್ಗಿಸುವುದಾದರೆ ಅದಕ್ಕಿಂತ ದೊಡ್ಡ ಸಾರ್ಥಕತೆ ವಿದ್ಯೆಗೆ ಬೇರಿಲ್ಲ.